ದೀಕ್ಷಾಸ್ನಾನ: ಅದರ ಅರ್ಥ, ಅದರ ಸಿದ್ಧತೆ

(ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ನಾನು ಪಂಡಿತನಲ್ಲ; ಗಿರಣಿಯಲ್ಲಿ ಲೆಕ್ಕ ಬರೆಯುವವನು. ಕ್ರೈಸ್ತರ ಮನೆಯಲ್ಲಿ ಹುಟ್ಟಿದವನೆಂದು ಕಾರ್ಯದರ್ಶಿಗಳು ಈ ವಿಷಯವನ್ನು ನನಗೆ ವಹಿಸಿದ್ದಾರೆ. ಇಲ್ಲಿ ಪತ್ರಿಕೆ ಓದಲು ಬರುವ ಕೆಲವು ಗೆಳೆಯರು ನನ್ನನ್ನು ಕೇಳುವುದುಂಟು: “ನೀರು ಹಾಕಿಸಿಕೊಂಡರೆ ಆಯಿತೇ? ಹೆಸರು ಬದಲಾಯಿಸಲೇಬೇಕೇ? ಮನೆಯವರನ್ನು ಬಿಡಬೇಕೇ?” ನನಗೆ ತಿಳಿದಷ್ಟು ಹೇಳುತ್ತೇನೆ.

ಬ್ಯಾಪ್ಟಿಸ್ಮ ಎಂಬ ಗ್ರೀಕ್ ಮಾತಿಗೆ ಅದ್ದುವುದು, ಮುಳುಗಿಸುವುದು ಎಂದರ್ಥ. ಕನ್ನಡ ಬೈಬಲಿನಲ್ಲಿ ಅದು ದೀಕ್ಷಾಸ್ನಾನ. ಸ್ನಾನ ಮೈಗೆ, ದೀಕ್ಷೆ ಬಾಳಿಗೆ. ಎರಡೂ ಒಂದೇ ಪದದಲ್ಲಿ ಸೇರಿವೆ. ಯೇಸುವೇ ಯೋರ್ದನ್ ನದಿಯಲ್ಲಿ ಯೋಹಾನನಿಂದ ಈ ಸ್ನಾನವನ್ನು ಪಡೆದನು. ನೀರಿಗಿಳಿಯುವವನ ಹಳೆಯ ಬಾಳು ಕ್ರಿಸ್ತನೊಡನೆ ಹೂಳಲ್ಪಡುತ್ತದೆ, ಅವನೊಡನೆ ಹೊಸ ಬಾಳಿಗೆ ಏಳಬೇಕು ಎಂಬುದು ಪೌಲನು ರೋಮಾಪುರದವರಿಗೆ ಬರೆದ ಪತ್ರದ ತಿರುಳು. ಕೆಲವು ಸಭೆಗಳಲ್ಲಿ ತಲೆಯ ಮೇಲೆ ಮೂರು ಸಲ ನೀರೆರೆಯುತ್ತಾರೆ. ಬ್ಯಾಪ್ಟಿಸ್ಟರು ಪೂರ್ತಿ ಮುಳುಗಿಸುತ್ತಾರೆ. ತಂದೆ, ಮಗ, ಪವಿತ್ರಾತ್ಮರ ಹೆಸರು ಮಾತ್ರ ಎರಡು ಕಡೆಯೂ ಒಂದೇ. ಎಳೆಗೂಸಿಗೆ ಕೊಡುವ ಸಭೆಗಳಲ್ಲಿ ಹಿರಿಯರು ಮಗುವಿನ ಪರವಾಗಿ ಮಾತು ಕೊಡುತ್ತಾರೆ. ಬೆಳೆದ ಮೇಲೆ ಆ ಮಾತನ್ನು ಮಗುವೇ ತನ್ನದಾಗಿಸಿಕೊಳ್ಳಬೇಕು. ನನಗೂ ಹಾಗೆಯೇ ಆಯಿತು.

ದೊಡ್ಡವರಿಗಾದರೋ ಸಿದ್ಧತೆ ಮೊದಲು, ನೀರು ಆಮೇಲೆ. ‘ಅಪೊಸ್ತಲರ ಸಂಪ್ರದಾಯ’ ಎಂಬ ಪ್ರಾಚೀನ ಸಭಾ ಕಟ್ಟಳೆಯ ಪ್ರಕಾರ ಸೇರಬಯಸುವವನು ಸಾಮಾನ್ಯವಾಗಿ 3 ವರ್ಷ ಉಪದೇಶ ಕೇಳಬೇಕಿತ್ತು. ಹೊಟ್ಟೆಪಾಡಿಗೆ ಏನು ಮಾಡುತ್ತೀ ಎಂಬ ಪ್ರಶ್ನೆ ಮೊದಲೇ ಬರುತ್ತಿತ್ತು. ಕೊನೆಗೆ, ಇವನು ವಿಧವೆಯರನ್ನು ಗೌರವಿಸಿದನೇ, ರೋಗಿಗಳನ್ನು ಹೋಗಿ ನೋಡಿದನೇ ಎಂದು ಕರೆತಂದವರನ್ನೇ ವಿಚಾರಿಸುತ್ತಿದ್ದರು. ಬಾಯಿಪಾಠಕ್ಕಿಂತ ನಡತೆಯ ಪರೀಕ್ಷೆ ದೊಡ್ಡದು. ಕಥೊಲಿಕ ಸಭೆಯು 1972ರಲ್ಲಿ ಈ ಹಂತಹಂತದ ಸಿದ್ಧತೆಯನ್ನು ದೊಡ್ಡವರಿಗಾಗಿ ಮತ್ತೆ ಜಾರಿಗೆ ತಂದಿತು. ಅಲ್ಲಿ ತಪಸ್ಸು ಕಾಲದ ಕೊನೆಯ ತಯಾರಿ ಮುಗಿದು, ಈಸ್ಟರ್ ಹಬ್ಬದ ಹಿಂದಿನ ರಾತ್ರಿ ನೀರು, ಬಿಳಿಯ ಬಟ್ಟೆ, ಉರಿಯುವ ಮೋಂಬತ್ತಿ ದೊರೆಯುತ್ತವೆ.

ಈಗ ಎರಡು ಉದಾಹರಣೆ ಕೇಳಿ. ಒಂದು ನಾವಿರುವ ದೆಹಲಿಯದು. ದೆಹಲಿ ಕಾಲೇಜಿನ ಗಣಿತದ ಉಪಾಧ್ಯಾಯರಾಗಿದ್ದ ಮಾಸ್ಟರ್ ರಾಮಚಂದ್ರರು, ಓದಿದ ಇಂಗ್ಲಿಷರಿಗೆ ದೇವರಲ್ಲಿ ನಂಬಿಕೆಯಿರಲಾರದೆಂದು ತಿಳಿದಿದ್ದರು. ಕುತೂಹಲದಿಂದ ಇಗರ್ಜಿಗೆ ಹೋದಾಗ ಅವರು ಮೊಣಕಾಲೂರಿ ಪ್ರಾರ್ಥಿಸುವುದನ್ನು ಕಂಡರು. ಆದರೆ ಅಂದೇ ದೀಕ್ಷೆ ಕೇಳಲಿಲ್ಲ. ಹೊಸ ಒಡಂಬಡಿಕೆಯನ್ನು ಓದತೊಡಗಿದರು. ದೀಕ್ಷಾಸ್ನಾನವಾದದ್ದು 1852ರಲ್ಲಿ. ಆಮೇಲೂ ಅವರು ರಾಮಚಂದ್ರರೇ, ಹೆಸರು ಹೋಗಲಿಲ್ಲ.

ಇನ್ನೊಂದು ನಮ್ಮ ಮಂಗಳೂರಿನದು. ಬಾಸೆಲ್ ಮಿಶನ್ನಿನ ಶಾಲೆಯಲ್ಲಿ ಓದುತ್ತಿದ್ದ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ತರುಣರು 1844ರ ಜನವರಿಯಲ್ಲಿ ಮೋಗ್ಲಿಂಗ್ ಪಾದ್ರಿಗಳಿಂದ ದೀಕ್ಷೆ ಪಡೆದರು. ಊರೆಲ್ಲ ಕೋಲಾಹಲವಾಯಿತು. ಹರ್ಮನ್ ಎಂಬ ಹೆಸರು ಮುಂದೆ ಸೇರಿತು, ಹಳೆಯ ಹೆಸರೂ ಉಳಿಯಿತು. ಅವರು ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಬೋಧಕರಾಗಿ ಮರಳಿ, 1893ರಲ್ಲಿ ತೀರಿಕೊಂಡರು. ನೀರೆರೆದದ್ದು ಒಂದು ದಿನ, ದೀಕ್ಷೆಯನ್ನು ನಡೆಸಿದ್ದು ಸುಮಾರು ಐವತ್ತು ವರ್ಷ.

ನಮ್ಮಂಥ ದುಡಿಯುವವರು ತಿಳಿದಿರಬೇಕಾದ ಲೌಕಿಕ ವಿಷಯವೂ ಇದೆ. 1950ರ ರಾಷ್ಟ್ರಪತಿಗಳ ಆದೇಶದಂತೆ, ಮುಂದೆ 1956 ಮತ್ತು 1990ರಲ್ಲಿ ಆದ ತಿದ್ದುಪಡಿಗಳಂತೆ, ಪರಿಶಿಷ್ಟ ಜಾತಿಯ ಸವಲತ್ತು ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ. ಕ್ರೈಸ್ತನಾದವನಿಗೆ ಅದು ತಪ್ಪುತ್ತದೆ. ನೋಯ್ಡಾ, ಗಾಜಿಯಾಬಾದುಗಳಲ್ಲಿ ಉತ್ತರ ಪ್ರದೇಶದ 2021ರ ಕಾನೂನಿನಂತೆ 60 ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕು. ಹರಿಯಾಣದಲ್ಲಿಯೂ 2022ರ ಕಾನೂನು ಇದೆ. ಇದನ್ನು ಮುಚ್ಚಿಟ್ಟು ಅವಸರ ಮಾಡಿಸುವವನು ಒಳ್ಳೆಯ ಉಪದೇಶಕನಲ್ಲ. ಹಣಕ್ಕೋ ಕೆಲಸಕ್ಕೋ ಮದುವೆಯ ಅನುಕೂಲಕ್ಕೋ ನೀರಿಗಿಳಿಯುವವನು ನಿಜವಾದ ದೀಕ್ಷಾರ್ಥಿಯೂ ಅಲ್ಲ.

ಹಾಗಾದರೆ ಸಿದ್ಧನಾಗುವವನು ಏನು ಮಾಡಬೇಕು? ಸುವಾರ್ತೆಗಳನ್ನು ಸ್ವತಃ ಓದಲಿ. ಸಂಶಯಗಳನ್ನು ನಾಚದೆ ಕೇಳಲಿ. ಕೊಡಬೇಕಾದ ಸಾಲ ಕೊಡಲಿ, ಮುರಿದ ಸ್ನೇಹವನ್ನು ಸರಿಪಡಿಸಿಕೊಳ್ಳಲಿ. ಊರಿನಲ್ಲಿರುವ ತಾಯಿಗೆ ಬೇರೆಯವರ ಬಾಯಿಂದ ಸುದ್ದಿ ಮುಟ್ಟುವ ಮೊದಲು ತಾನೇ ಕಾಗದ ಬರೆಯಲಿ. ತಿಂಗಳು ತಿಂಗಳು ಕಳಿಸುವ ಹಣವನ್ನು ನಿಲ್ಲಿಸದಿರಲಿ. ತಂದೆತಾಯಿಯನ್ನು ಸನ್ಮಾನಿಸು ಎಂಬುದು ಬೈಬಲಿನ ಹತ್ತು ಆಜ್ಞೆಗಳಲ್ಲಿ ಒಂದು. ದೀಕ್ಷೆಯಿಂದ ಅದು ರದ್ದಾಗುವುದಿಲ್ಲ.

ಒಂದೇ ಕೋಣೆಯಲ್ಲಿ ನಾಲ್ಕೈದು ಮಂದಿ ಇರುವ ನಮಗೂ ಒಂದು ಕರ್ತವ್ಯವಿದೆ. ಜೊತೆಯವನು ಈ ದಾರಿ ಹಿಡಿದರೆ ತಟ್ಟೆ ಬೇರೆ ಮಾಡಬೇಡಿ. ದಾರಿ ಹಿಡಿಯದವನನ್ನು ಕ್ರೈಸ್ತರು ಕಾಡಲೂ ಬೇಡಿ. ಒತ್ತಾಯದಿಂದ ಹೊರಟ ಉತ್ತರಕ್ಕೆ ಬೆಲೆಯಿಲ್ಲ. ನೀರಿನ ಮುಂದೆ ನಿಂತವನು “ನಂಬುತ್ತೇನೆ” ಎಂದು ತನ್ನ ಬಾಯಿಂದ ತಾನೇ ಹೇಳಬೇಕು. ಆ ಮಾತು ಅವನದೇ ಆಗಿರಲೆಂದೇ ಇಷ್ಟೆಲ್ಲ ಸಿದ್ಧತೆ.