ದೇವರ ಪರಿಪಾಲನೆ ಮತ್ತು ನಮ್ಮ ಒಂದು ದಿನದ ಸೇವೆ

(ಸಮಾಜ ಸೇವಾ ಸಂಸ್ಥೆಯ ಕಾರ್ಯಕರ್ತರು ಹಾಗೂ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ವಾರ್ಷಿಕ ಸಭೆಯಲ್ಲಿ ಸಿಸ್ಟರ್ ಒಬ್ಬರು ನೀಡಿದ ಉಪನ್ಯಾಸ)



ದೇವರ ಪರಿಪಾಲನೆಯಲ್ಲಿ ನಂಬಿಕೆ ಎಂಬ ವಿಷಯದ ಮೇಲೆ ನಾಲ್ಕು ಮಾತು ಹೇಳಬೇಕು ಅಂತ ನನ್ನನ್ನು ಕೇಳಿಕೊಂಡಿದ್ದಾರೆ. ವಿಷಯ ಕೇಳೋದಕ್ಕೆ ಸುಲಭ. ಹುಟ್ಟಿಸಿದ ದೇವರು ಹುಲ್ಲು ಮೇಯಿಸೋದಿಲ್ಲ ಅಂತ ನಮ್ಮ ಅಜ್ಜಿಯಂದಿರು ಹೇಳಿಬಿಟ್ಟಿದ್ದಾರೆ. ಕಲ್ಲಿನೊಳಗಿರುವ ಕಪ್ಪೆಗೂ ಆಹಾರ ಕೊಡುವವನಿದ್ದಾನೆ ಎಂದು ಕನಕದಾಸರು ಹಾಡಿದ್ದಾರೆ. ಆದರೆ ಬೆಳಿಗ್ಗೆ ಎಂಟು ಗಂಟೆಗೆ ಚೀಲ ಹೆಗಲಿಗೆ ಹಾಕಿಕೊಂಡು ಹಳ್ಳಿಗೆ ಹೊರಡುವ ಕಾರ್ಯಕರ್ತೆಗೆ ಈ ಮಾತು ಅಷ್ಟು ಸುಲಭವಲ್ಲ. ಅವಳ ಕೈಯಲ್ಲಿ ಇರೋದು ಒಂದು ಪಟ್ಟಿ. ಪಟ್ಟಿಯಲ್ಲಿ ಇರೋ ಮನೆಗಳು ಹೆಚ್ಚು, ಚೀಲದಲ್ಲಿ ಇರೋದು ಕಡಿಮೆ.

ಇತ್ತೀಚಿನ ವರ್ಷಗಳಲ್ಲಿ ಈ ಚಿಂತೆ ಇನ್ನೂ ಹೆಚ್ಚಾಗಿದೆ. 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಬಂತು. ಒಂದು ಸಂಸ್ಥೆ ತನಗೆ ಬಂದ ವಿದೇಶಿ ವಂತಿಗೆಯನ್ನು ಇನ್ನೊಂದು ಸಂಸ್ಥೆಗೆ ಕೊಡುವಂತಿಲ್ಲ ಎಂದಾಯಿತು. ಆಡಳಿತ ವೆಚ್ಚದ ಮಿತಿ ಶೇಕಡ 50ರಿಂದ 20ಕ್ಕೆ ಇಳಿಯಿತು. ದೊಡ್ಡ ಸಂಸ್ಥೆಗಳ ಮೂಲಕ ನೆರವು ಪಡೆಯುತ್ತಿದ್ದ ಸಣ್ಣ ಸಂಸ್ಥೆಗಳ ಕಷ್ಟ ನಿಮಗೇ ಗೊತ್ತು. "ಸಿಸ್ಟರ್, ಮುಂದಿನ ವರ್ಷ ನಮ್ಮ ಕೆಲಸ ಇರುತ್ತಾ?" ಅಂತ ನಿಮ್ಮಲ್ಲಿ ಕೆಲವರು ನನ್ನನ್ನು ಕೇಳಿದ್ದೀರಿ. ಅಂಥವರ ಮುಂದೆ ನಿಂತು, ದೇವರು ನೋಡಿಕೊಳ್ಳುತ್ತಾರೆ ಬಿಡಿ ಅಂತ ಹೇಳಿ ಕುಳಿತುಕೊಳ್ಳೋದು ಸರಿಯಲ್ಲ. ಹಾಗಾದರೆ ಆ ಮಾತಿಗೆ ನಿಜವಾದ ಅರ್ಥ ಏನು ಅಂತ ಇವತ್ತು ಸ್ವಲ್ಪ ನೋಡೋಣ.

ಬಾಗಿಲು ತೆರೆಯದ ಒಂದು ದಿನ

ಮೊದಲು ಒಬ್ಬ ಸಂತರ ಜೀವನಕ್ಕೆ ಹೋಗೋಣ. ಇಟಲಿಯ ತೂರಿನ್ ಪಟ್ಟಣದಲ್ಲಿ ಜೋಸೆಫ್ ಬೆನೆಡಿಕ್ಟ್ ಕೊತ್ತೊಲೆಂಗೊ ಎಂಬ ಗುರುಗಳಿದ್ದರು. ಹುಟ್ಟಿದ್ದು 1786ರಲ್ಲಿ, ಬ್ರಾ ಎಂಬ ಊರಿನಲ್ಲಿ. 1811ರಲ್ಲಿ ಗುರುಪಟ್ಟ ಪಡೆದರು. ಒಳ್ಳೆಯ ಓದು, ಒಳ್ಳೆಯ ಹುದ್ದೆ. ನಲವತ್ತು ವರ್ಷ ದಾಟುವವರೆಗೆ ಅವರ ಬದುಕು ಸಾಧಾರಣವಾಗಿಯೇ ನಡೆದಿತ್ತು.

1827ರ ಸೆಪ್ಟೆಂಬರ್ 2ರಂದು ಅವರನ್ನು ಅವಸರದಲ್ಲಿ ಕರೆದರು. ಮಿಲಾನಿನಿಂದ ಫ್ರಾನ್ಸಿನ ಲಿಯೋನ್‌ಗೆ ಗಂಡ ಮಕ್ಕಳ ಜೊತೆ ಪ್ರಯಾಣ ಮಾಡುತ್ತಿದ್ದ ಒಬ್ಬ ಬಡ ಹೆಂಗಸು ಸಾಯುವ ಸ್ಥಿತಿಯಲ್ಲಿದ್ದಳು. ಹೆಸರು ಜಾನ್ ಮರಿ ಗೊನ್ನೆ. ತುಂಬು ಬಸುರಿ ಅಲ್ಲ, ಆದರೆ ಹೊಟ್ಟೆಯಲ್ಲಿ ಮಗು ಇತ್ತು. ಜೊತೆಗೆ ಜ್ವರ, ಕಾಯಿಲೆ. ಒಂದು ಆಸ್ಪತ್ರೆಗೆ ಹೋದರೆ, ಬಸುರಿಯರನ್ನು ಸೇರಿಸಿಕೊಳ್ಳೋದಿಲ್ಲ ಅಂದರು. ಹೆರಿಗೆ ಆಸ್ಪತ್ರೆಗೆ ಹೋದರೆ, ಕಾಯಿಲೆಯವರನ್ನು ಸೇರಿಸಿಕೊಳ್ಳೋದಿಲ್ಲ ಅಂದರು. ಎರಡು ಕಡೆಯೂ ನಿಯಮ ಇತ್ತು. ನಿಯಮದ ಪ್ರಕಾರವೇ ಎಲ್ಲರೂ ನಡೆದುಕೊಂಡರು. ಆ ತಾಯಿ ಸತ್ತಳು. ಮಕ್ಕಳು ಅಳುತ್ತಾ ನಿಂತಿದ್ದನ್ನು ಕೊತ್ತೊಲೆಂಗೊ ಕಣ್ಣಾರೆ ಕಂಡರು. ಅವಳಿಗೆ ಕೊನೆಯ ಸಂಸ್ಕಾರಗಳನ್ನು ಕೊಟ್ಟವರು ಅವರೇ.

ಇದನ್ನು ನಾನು ಯಾಕೆ ಮೊದಲು ಹೇಳ್ತಿದ್ದೇನೆ ಅಂದರೆ, ಪರಿಪಾಲನೆ ಅಂದ ತಕ್ಷಣ ನಾವು ಪವಾಡದ ಕಥೆ ಹೇಳ್ತೇವೆ. ಅಕ್ಕಿ ಇರಲಿಲ್ಲ, ಪ್ರಾರ್ಥನೆ ಮಾಡಿದೆವು, ಲಾರಿ ಬಂತು. ಆದರೆ ಈ ಸಂತರ ನಂಬಿಕೆ ಹುಟ್ಟಿದ್ದು ಲಾರಿ ಬಂದ ದಿನ ಅಲ್ಲ, ಬಾರದ ದಿನ. ಆ ದಿನ ದೇವರು ಗೊನ್ನೆಯನ್ನು ಮರೆತುಬಿಟ್ಟರೇ? ಹಾಸಿಗೆ ಇತ್ತು, ವೈದ್ಯರಿದ್ದರು, ಔಷಧ ಇತ್ತು. ದೇವರು ಒದಗಿಸಬೇಕಾದದ್ದನ್ನು ಆ ಊರಿಗೆ ಒದಗಿಸಿದ್ದರು. ತೆರೆಯದೇ ಹೋದದ್ದು ಬಾಗಿಲು.

ಮುಂದಿನ ವರ್ಷ, 1828ರ ಜನವರಿ 17ರಂದು, ಕೊತ್ತೊಲೆಂಗೊ ತಮ್ಮ ದೇವಾಲಯದ ಎದುರಿಗೇ ಬಾಡಿಗೆ ಕೋಣೆ ಹಿಡಿದು ನಾಲ್ಕು ಹಾಸಿಗೆ ಹಾಕಿಸಿದರು. ಬೇರೆ ಯಾರೂ ಸೇರಿಸಿಕೊಳ್ಳದವರಿಗೆ ಆ ಹಾಸಿಗೆ. ನಾಲ್ಕೇ ನಾಲ್ಕು. ಯೋಜನಾ ವರದಿ ಇಲ್ಲ, ಮೂಲನಿಧಿ ಇಲ್ಲ. ಮರಿಯಾನ್ನ ನಾಸಿ ಎಂಬ ವಿಧವೆ ಸೇವೆಗೆ ಮುಂದೆ ಬಂದರು. ಅವರ ಸುತ್ತ ಸೇರಿದ ಹೆಣ್ಣುಮಕ್ಕಳೇ ಮುಂದೆ ಒಂದು ಕನ್ಯಾಸ್ತ್ರೀ ಸಂಸ್ಥೆಯಾದರು.

1831ರಲ್ಲಿ ಕಾಲರಾ ಭಯ ಬಂತು. ಊರಿನ ನಡುವೆ ರೋಗಿಗಳನ್ನು ಇಟ್ಟುಕೊಳ್ಳಬಾರದು ಅಂತ ಆ ಮನೆ ಮುಚ್ಚಿಸಿದರು. ಆಗ ಅವರು, ಕೋಸು ಚೆನ್ನಾಗಿ ಬೆಳೆಯಬೇಕಾದರೆ ಕಿತ್ತು ಬೇರೆ ಕಡೆ ನೆಡಬೇಕಲ್ಲ ಅಂದರಂತೆ. ಭತ್ತ, ರಾಗಿ ನಾಟಿ ಮಾಡುವ ನಮ್ಮ ಅಕ್ಕಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ. 1832ರ ಏಪ್ರಿಲ್ 27ರಂದು ಊರ ಹೊರಗಿನ ವಾಲ್ದೊಕ್ಕೊ ಎಂಬಲ್ಲಿ ಮತ್ತೆ ಪ್ರಾರಂಭಿಸಿದರು. ಅದಕ್ಕೆ ಇಟ್ಟ ಹೆಸರು ದೈವಪರಿಪಾಲನೆಯ ಪುಟ್ಟ ಮನೆ. ಅಪಸ್ಮಾರದವರು, ಕಿವಿ ಕೇಳದವರು, ಅನಾಥ ಮಕ್ಕಳು, ವೃದ್ಧರು, ಎಲ್ಲರೂ ಬಂದರು. ಬುದ್ಧಿಮಾಂದ್ಯರು ಅಂತ ಜನ ಹೀಯಾಳಿಸುತ್ತಿದ್ದವರನ್ನು ಅವರು ಒಳ್ಳೆಯ ಮಕ್ಕಳು ಅಂತ ಕರೆದರು. ಇಂದಿಗೂ ತೂರಿನ್‌ನಲ್ಲಿ ಆ ಪುಟ್ಟ ಮನೆ ಒಂದು ದೊಡ್ಡ ಬಡಾವಣೆಯ ಹಾಗೆ ಇದೆ. 1842ರಲ್ಲಿ ಅವರು ತೀರಿಕೊಂಡರು. 1934ರಲ್ಲಿ ಅವರನ್ನು ಸಂತರೆಂದು ಸಾರಲಾಯಿತು.

ಮನೆಯಲ್ಲಿ ಹಣದ ಅಭಾವ ಬಂದಾಗ ಅವರು, ಎಲ್ಲಾದರೂ ಹಾಸಿಗೆ ಖಾಲಿ ಇದೆಯಾ ನೋಡಿ ಅಂತ ಕೇಳುತ್ತಿದ್ದರು ಎಂದು ಹೇಳುವುದುಂಟು. ಖಾಲಿ ಇದ್ದರೆ ಅದನ್ನು ತುಂಬಿಸಿ, ಆಮೇಲೆ ಹಣದ ಮಾತು! ನಾವಾದರೆ ಖರ್ಚು ಕಡಿಮೆ ಮಾಡೋಣ ಅಂತೀವಿ.

ಲೆಕ್ಕ ಬೇಕೋ, ನಂಬಿಕೆ ಬೇಕೋ?

ಕೊತ್ತೊಲೆಂಗೊ ಲೆಕ್ಕದ ಪುಸ್ತಕ ಇಡಲಿಲ್ಲ, ನಾಳೆಗೆ ಅಂತ ಕೂಡಿಡಲಿಲ್ಲ. ಇದನ್ನು ಕೇಳಿ ನಮ್ಮ ಅಕೌಂಟೆಂಟ್ ನಗುತ್ತಿದ್ದಾರೆ. ನಾವು ಹಾಗೆ ಮಾಡಿದರೆ ಸಂಸ್ಥೆಯ ನೋಂದಣಿಯೇ ಹೋಗುತ್ತದೆ. ಆದ್ದರಿಂದ ಇನ್ನೊಬ್ಬರ ಹೆಸರನ್ನೂ ಹೇಳ್ತೇನೆ. ಇವರು ಕಥೋಲಿಕರಲ್ಲ. ಜಾರ್ಜ್ ಮುಲ್ಲರ್ ಅಂತ, ಇಂಗ್ಲೆಂಡಿನ ಬ್ರಿಸ್ಟಲ್ ಪಟ್ಟಣದಲ್ಲಿದ್ದರು. 1836ರಲ್ಲಿ ಅನಾಥ ಮಕ್ಕಳಿಗೆ ಮನೆ ಪ್ರಾರಂಭಿಸಿದರು. 1898ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅಲ್ಲಿ ಬೆಳೆದ ಮಕ್ಕಳು ಹತ್ತು ಸಾವಿರದಷ್ಟು. ಅವರು ಯಾರ ಹತ್ತಿರವೂ ಹಣ ಕೇಳುತ್ತಿರಲಿಲ್ಲ, ದೇವರ ಹತ್ತಿರ ಮಾತ್ರ ಕೇಳುತ್ತಿದ್ದರು. ಆದರೆ ಬಂದ ಪ್ರತಿ ಕಾಸಿನ ಲೆಕ್ಕ ಬರೆದಿಟ್ಟು, ವರದಿ ಅಚ್ಚು ಹಾಕಿಸುತ್ತಿದ್ದರು.

ನೋಡಿ, ಒಬ್ಬರು ಲೆಕ್ಕ ಇಡದೆ ನಂಬಿದರು, ಇನ್ನೊಬ್ಬರು ಲೆಕ್ಕ ಇಟ್ಟು ನಂಬಿದರು. ಹಾಗಾದರೆ ನಂಬಿಕೆಗೂ ಲೆಕ್ಕಕ್ಕೂ ಜಗಳ ಇಲ್ಲ. ಲೆಕ್ಕ ಇರೋದು ಬಂದದ್ದರ ಬಗ್ಗೆ ಪ್ರಾಮಾಣಿಕರಾಗಿರೋದಕ್ಕೆ. ನಂಬಿಕೆ ಇರೋದು ಬಾರದೇ ಇರೋದರ ಬಗ್ಗೆ ಹೆದರದೇ ಇರೋದಕ್ಕೆ. ಓಚರಿಗೆ ಸಹಿ ಹಾಕಿಸಿಕೊಳ್ಳೋದನ್ನು ಬಿಟ್ಟು ದೇವರು ನೋಡಿಕೊಳ್ಳುತ್ತಾರೆ ಅಂದರೆ ಅದು ವಿಶ್ವಾಸ ಅಲ್ಲ, ಸೋಮಾರಿತನ.

ಯೇಸುಸ್ವಾಮಿ ಐದು ಸಾವಿರ ಮಂದಿಗೆ ಊಟ ಕೊಟ್ಟ ಪ್ರಸಂಗವನ್ನು ಸಂತ ಮಾರ್ಕನ ಶುಭಸಂದೇಶದಲ್ಲಿ ಇನ್ನೊಮ್ಮೆ ಓದಿ. ಜನರನ್ನು ಕಳಿಸಿಬಿಡಿ ಅಂತ ಶಿಷ್ಯರು ಹೇಳಿದರು. ಆದರೆ ಯೇಸು ಊಟ ಕೊಡುವ ಹೊಣೆಯನ್ನು ಅವರ ಮೇಲೆಯೇ ಹಾಕಿದರು. ಆಮೇಲೆ ನಿಮ್ಮಲ್ಲಿ ರೊಟ್ಟಿ ಎಷ್ಟಿದೆ ಎಂದು ಕೇಳಿ, ನೋಡಿ ಬರಲು ಕಳಿಸಿದರು. ಜನರನ್ನು ನೂರು, ಐವತ್ತರ ಗುಂಪುಗಳಾಗಿ ಕೂರಿಸಿದರು. ಉಳಿದದ್ದನ್ನು ಹನ್ನೆರಡು ಬುಟ್ಟಿ ತುಂಬಾ ಕೂಡಿಸಿದರು. ಸಮೀಕ್ಷೆ, ಗುಂಪು ರಚನೆ, ಹಂಚಿಕೆ, ಒಂದು ತುತ್ತೂ ಹಾಳಾಗದ ಹಾಗೆ ಎಚ್ಚರ. ನಾನು ಸಮಾಜಕಾರ್ಯ ಎಂ.ಎ.ಯಲ್ಲಿ ಎರಡು ವರ್ಷ ಕಲಿತದ್ದು ಇದನ್ನೇ!

ಜೋಳಿಗೆ ಇಲ್ಲದ ಪ್ರಯಾಣ

ಯೇಸು ಹನ್ನೆರಡು ಶಿಷ್ಯರನ್ನು ಸೇವೆಗೆ ಕಳಿಸಿದಾಗ ಜೋಳಿಗೆ, ರೊಟ್ಟಿ, ಹಣ ಯಾವುದನ್ನೂ ತೆಗೆದುಕೊಳ್ಳಬೇಡಿ ಅಂದರು. ಇದರ ಅರ್ಥ ಏನು? ಆಕಾಶದಿಂದ ಬೀಳುತ್ತೆ ಅಂತಲ್ಲ. ಯಾವ ಮನೆಗೆ ಹೋಗುತ್ತೀರೋ ಅಲ್ಲೇ ಇರಿ ಅಂತಲೂ ಅವರು ತಿಳಿಸಿದರು. ಅಂದರೆ ಶಿಷ್ಯರು ಉಣ್ಣಬೇಕಾದದ್ದು ಯಾರದೋ ಮನೆಯ ಒಲೆಯ ಮೇಲೆ ಬೆಂದದ್ದನ್ನು. ದೇವರನ್ನು ನಂಬು ಅಂದರೆ ಜನರನ್ನೂ ನಂಬು ಅಂತ.

ಕಡೆಯ ಭೋಜನದ ರಾತ್ರಿ ಯೇಸು ಅದನ್ನು ನೆನಪಿಸಿ, ಆಗ ನಿಮಗೇನಾದರೂ ಕೊರತೆಯಾಯಿತೇ ಅಂತ ಕೇಳಿದರು. ಇಲ್ಲ ಅಂದರು ಶಿಷ್ಯರು. ಆಮೇಲೆ, ಈಗ ಚೀಲ ಇದ್ದವನು ಅದನ್ನು ತೆಗೆದುಕೊಳ್ಳಲಿ ಅಂತಲೂ ಯೇಸು ತಿಳಿಸಿದರು. ಸಂತ ಲೂಕ ಎರಡನ್ನೂ ಬರೆದಿದ್ದಾರೆ. ಚೀಲ ಬಿಟ್ಟು ಹೋಗುವ ಕಾಲವೂ ಉಂಟು, ಹಿಡಿದು ಹೋಗುವ ಕಾಲವೂ ಉಂಟು.

ಮದರ್ ತೆರೇಸಾ 1948ರ ಡಿಸೆಂಬರ್‌ನಲ್ಲಿ ಕೋಲ್ಕತ್ತದ ಮೋತಿಝಿಲ್ ಕೊಳೆಗೇರಿಗೆ ಹೋದಾಗ ಹಲಗೆ ಇರಲಿಲ್ಲ, ಬೆಂಚು ಇರಲಿಲ್ಲ. ಕಡ್ಡಿಯಿಂದ ಮಣ್ಣಿನ ಮೇಲೆ ಬಂಗಾಳಿ ಅಕ್ಷರ ಬರೆದು ಮಕ್ಕಳಿಗೆ ಕಲಿಸಿದರು. ಆದರೆ ಬರಿಗೈಯಲ್ಲಿ ಹೋಗುವ ಮೊದಲು ಅವರು ಪಾಟ್ನಾಕ್ಕೆ ಹೋಗಿ ಶುಶ್ರೂಷೆಯ ತರಬೇತಿ ಪಡೆದಿದ್ದರು. ಇದನ್ನು ನಾವು ಹೇಳೋದು ಕಡಿಮೆ.

ನಮ್ಮದೇ ಒಂದು ದಿನ

2020ರ ಏಪ್ರಿಲ್ ತಿಂಗಳು, ಲಾಕ್‌ಡೌನ್. ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳು ಶೆಡ್‌ಗಳಲ್ಲಿ ಸಿಕ್ಕಿಹಾಕಿಕೊಂಡಿದ್ದವು. ರೇಷನ್ ಕಾರ್ಡ್ ಅವರ ಊರಲ್ಲಿ, ಅವರು ಇಲ್ಲಿ. ಒಂದು ದಿನ ನಾವು ದಿನಸಿ ಕಿಟ್ ಕಟ್ಟಿಕೊಂಡು ಹೊರಟೆವು. ಹೋಗಿ ನೋಡಿದರೆ ಪಟ್ಟಿಯಲ್ಲಿ ಇಲ್ಲದ ಇನ್ನೊಂದು ಸಾಲು ಶೆಡ್ ಇದೆ. ಮಕ್ಕಳು ಹೊರಗೆ ಬಂದು ನಿಂತಿವೆ. ನಮ್ಮ ಜೊತೆ ಬಂದಿದ್ದ ಹುಡುಗ, "ಸಿಸ್ಟರ್, ಏನ್ಮಾಡೋದು?" ಅಂದ.

ಅಲ್ಲೇ ನಿಂತು ಒಂದು ಪ್ರಾರ್ಥನೆ ಹೇಳಿದೆವು. ಆಮೇಲೆ ಫೋನ್ ಮಾಡಿದೆವು. ಹತ್ತಿರದ ಹಳ್ಳಿಯ ಸಂಘದವರು ಹಿಡಿ ಅಕ್ಕಿ ಡಬ್ಬ ಇಟ್ಟಿದ್ದರು. ನಿಮಗೆಲ್ಲ ಗೊತ್ತಲ್ಲ, ದಿನಾ ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿ ತೆಗೆದು ಬೇರೆ ಇಡೋದು. ಹತ್ತು ಹದಿನೈದು ಮನೆಯ ಡಬ್ಬ ಒಟ್ಟಿಗೆ ಸುರಿದರೆ ಚೀಲವೇ ಆಯಿತು. ಅವರೂ ಕೂಲಿ ಇಲ್ಲದೆ ಕೂತವರೇ. ಒಬ್ಬ ಮುಸ್ಲಿಂ ಅಂಗಡಿಯವರು ಬೇಳೆ, ಎಣ್ಣೆ ಕೊಟ್ಟರು, ದುಡ್ಡು ಆಮೇಲೆ ನೋಡೋಣ ಅಂದರು. ಪಾಸ್ ಇದ್ದ ಹಾಲಿನ ಗಾಡಿಯವರು ತಂದು ಇಳಿಸಿದರು. ಆದರೂ ಮೂರು ಮನೆಗೆ ಆ ದಿನ ಸಿಗಲಿಲ್ಲ, ಮಾರನೇ ಬೆಳಿಗ್ಗೆ ಕೊಟ್ಟೆವು. ಆ ರಾತ್ರಿ ಪಕ್ಕದ ಶೆಡ್ಡಿನವರು ಅವರಿಗೂ ಅನ್ನ ಹಾಕಿದ್ದರು.

ಇದರಲ್ಲಿ ಪವಾಡ ಎಲ್ಲಿದೆ ಅಂತ ಕೇಳಬಹುದು. ಸರೆಪ್ತಾ ಊರಿನ ವಿಧವೆಯನ್ನು ನೆನಪು ಮಾಡಿಕೊಳ್ಳಿ. ಪ್ರವಾದಿ ಎಲೀಯನಿಗೆ ಅನ್ನ ಕೊಡಲು ದೇವರು ಆರಿಸಿದ್ದು ಶ್ರೀಮಂತನನ್ನಲ್ಲ. ಒಂದು ಹಿಡಿ ಹಿಟ್ಟು ಉಳಿದಿದ್ದ, ಅನ್ಯ ನಾಡಿನ, ಬಡ ಹೆಂಗಸನ್ನು. ಅವಳ ಮಡಕೆಯ ಹಿಟ್ಟು ಮುಗಿಯಲಿಲ್ಲ. ಆದರೆ ಮಡಕೆ ತುಂಬಿ ತುಳುಕಿತು ಅಂತಲೂ ಬೈಬಲ್ ಹೇಳೋದಿಲ್ಲ. ಅಂದಂದಿಗೆ ಸಾಕಾಗುವಷ್ಟು ಇರುತ್ತಿತ್ತು. ಮರುಭೂಮಿಯಲ್ಲಿ ಇಸ್ರಯೇಲರಿಗೆ ಸಿಕ್ಕ ಮನ್ನವೂ ಹಾಗೇ. ಆ ದಿನದ್ದು ಆ ದಿನಕ್ಕೆ. ಆಸೆಪಟ್ಟು ಮಾರನೇ ದಿನಕ್ಕೆ ಇಟ್ಟರೆ ಹುಳ ಬೀಳುತ್ತಿತ್ತು. ಸಬ್ಬತ್ ದಿನಕ್ಕೆ ಮಾತ್ರ ಹಿಂದಿನ ದಿನ ಎರಡರಷ್ಟು. ಪರಲೋಕ ಮಂತ್ರದಲ್ಲಿ ನಾವು ಕೇಳೋದೂ ಈ ದಿನದ ಆಹಾರವನ್ನೇ. ಅದೂ ನನಗೆ ಅಂತಲ್ಲ, ನಮಗೆ ಅಂತ.

ಪ್ರಿಯರೇ, ವಿದೇಶಿ ನೆರವು ಬಂದಾಗಲೂ ಅದು ದೇವರ ಪರಿಪಾಲನೆಯೇ ಆಗಿತ್ತು. ಎಲ್ಲೋ ದೂರದಲ್ಲಿ ಯಾರೋ ತಪಸ್ಸುಕಾಲದಲ್ಲಿ ಉಪವಾಸ ಮಾಡಿ ಉಳಿಸಿ ಕಳಿಸಿದ ಹಣ ಅದರಲ್ಲಿತ್ತು. ಅದಕ್ಕೆ ಕೃತಜ್ಞರಾಗಿರೋಣ. ಈಗ ಆ ದಾರಿ ಕಿರಿದಾಗಿದೆ. ದೇವರು ಕೊಡೋದನ್ನು ನಿಲ್ಲಿಸಿದರು ಅಂತ ಅರ್ಥ ಮಾಡಬೇಡಿ. ಕೋಸನ್ನು ಕಿತ್ತು ನೆಡುವ ಕಾಲ ಬಂದಿರಬಹುದು. ನಮ್ಮ ಧರ್ಮಕೇಂದ್ರಗಳು, ನಮ್ಮ ಸಂಘಗಳು, ನಮ್ಮ ನೆರೆಯ ಹಿಂದೂ ಮುಸ್ಲಿಂ ಬಂಧುಗಳು, ಜನರಿಗೆ ಹಕ್ಕಾಗಿ ಬರಬೇಕಾದ ಸರಕಾರಿ ಯೋಜನೆಗಳು, ಇವೆಲ್ಲ ಬಾಗಿಲುಗಳೇ. ತಟ್ಟಬೇಕು. ಕಾರ್ಯಕರ್ತರ ಸಂಬಳದ ವಿಷಯದಲ್ಲಿ ಮಾತ್ರ ಒಂದು ಮಾತು ಸ್ಪಷ್ಟವಾಗಿ ಹೇಳ್ತೇನೆ. ನೀವು ದೇವರನ್ನು ನಂಬಿದ್ದೀರಿ ಅಂತ ನಿಮ್ಮ ಕೂಲಿ ತಡ ಮಾಡುವ ಹಕ್ಕು ಯಾರಿಗೂ ಇಲ್ಲ. ನಿಮ್ಮ ಮಟ್ಟಿಗೆ ಪರಿಪಾಲನೆಯ ಕೈ ಆಗಬೇಕಾದವರು ನಾವು, ಸಂಸ್ಥೆಯನ್ನು ನಡೆಸುವವರು.

ನಾಳೆ ಬೆಳಿಗ್ಗೆ ಹೊರಡುವಾಗ ಚೀಲ ನೋಡಿಕೊಳ್ಳಿ, ಪಟ್ಟಿ ನೋಡಿಕೊಳ್ಳಿ, ಒಂದು ಪ್ರಾರ್ಥನೆ ಹೇಳಿ. ದಾರಿಯಲ್ಲಿ ಯಾರು ಕೊಡುತ್ತಾರೆ ಅಂತ ನೋಡುವ ಹಾಗೆಯೇ, ಯಾರ ಪ್ರಾರ್ಥನೆಗೆ ಉತ್ತರವಾಗಿ ದೇವರು ನಿಮ್ಮನ್ನು ಕಳಿಸಿದ್ದಾರೆ ಅಂತಲೂ ನೋಡಿ.

ದೇವರು ನಿಮ್ಮೆಲ್ಲರನ್ನು ಆಶೀರ್ವದಿಸಲಿ.

ಗುಂಪು ಚರ್ಚೆಗೆ:
1. ನಮ್ಮ ಊರಿನಲ್ಲಿ "ನಿಯಮ ಇಲ್ಲ" ಎಂಬ ಕಾರಣಕ್ಕೆ ಎಲ್ಲ ಕಡೆಯಿಂದ ವಾಪಸ್ ಬಂದವರು ಯಾರಿದ್ದಾರೆ?
2. ಕಳೆದ ಒಂದು ತಿಂಗಳಲ್ಲಿ ನಮ್ಮ ಸೇವೆಗೆ ನಾವು ಎಣಿಸದೇ ಇದ್ದ ಯಾರಿಂದ ನೆರವು ಸಿಕ್ಕಿತು? ಅವರಿಗೆ ಕೃತಜ್ಞತೆ ಹೇಳಿದ್ದೇವೆಯೇ?
3. ಹಿಡಿ ಅಕ್ಕಿ ಡಬ್ಬವನ್ನು ನಮ್ಮ ಸಂಘದಲ್ಲಿ ಮತ್ತೆ ಪ್ರಾರಂಭಿಸಬಹುದೇ? ಅದರ ಲೆಕ್ಕ ಯಾರು ಇಡುತ್ತಾರೆ?