ತಕ್ಕಡಿ ಬರುವ ಮುನ್ನ ನೀವು ಹೋಗಿ
(ಯುವಕರ ಸಭೆಯೊಂದರಲ್ಲಿ ಆಡಿದ ಮಾತು)



ಚಪ್ಪಾಳೆ ತಟ್ಟಿ ಮನೆಗೆ ಹೋಗಲು ನೀವು ಬಂದಿಲ್ಲ ಎಂದು ನಂಬಿದ್ದೇನೆ. ನಿಮಗೊಂದು ಕೆಲಸ ಒಪ್ಪಿಸಬೇಕು.

ಒಬ್ಬ ಪಂಡಿತ ತೀರಿಕೊಂಡ ಮೇಲೆ ಅವನ ಪುಸ್ತಕಗಳು ಎಲ್ಲಿಗೆ ಹೋಗುತ್ತವೆ? ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ನಡೆದು ನೋಡಿ. ಹಳಗನ್ನಡ ಕಾವ್ಯವೊಂದು ನನಗೆ ಅಲ್ಲೇ ಸಿಕ್ಕಿತು. ಪುಟಪುಟದ ಅಂಚಿನಲ್ಲೂ ಪೆನ್ಸಿಲ್ ಟಿಪ್ಪಣಿ. ಯಾರೋ ಪುಣ್ಯಾತ್ಮರು ವರ್ಷಗಟ್ಟಲೆ ಆ ಕವಿಯೊಡನೆ ಜಗಳವಾಡಿದ್ದರು. ಅವರ ಉಳಿದ ಪುಸ್ತಕಗಳೆಲ್ಲಿ? ಅಂಗಡಿಯವನಿಗೂ ಗೊತ್ತಿಲ್ಲ. ಒಂದು ಬಾಳಿನ ದುಡಿಮೆ ಕೆ.ಜಿ. ಲೆಕ್ಕದಲ್ಲಿ ಚೆದುರಿಹೋಗಿತ್ತು!

ಈಗ ಮಂಜೇಶ್ವರಕ್ಕೆ ಬನ್ನಿ. 1883ರಲ್ಲಿ ಹುಟ್ಟಿದ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಬರೆದು ಬೆಳೆಸಿದ್ದು ಕನ್ನಡವನ್ನು. ತಂದೆಯ ಸಾವಿನಿಂದ ಬಿ.ಎ. ಓದು ಅರ್ಧಕ್ಕೆ ನಿಂತಿತು. ಪದವಿ ಇಲ್ಲದ ಈ ಮನುಷ್ಯ ಪುಸ್ತಕ ಕೂಡಿಸಿ ಕೂಡಿಸಿ ಮನೆಯನ್ನೇ ವಿಶ್ವವಿದ್ಯಾಲಯ ಮಾಡಿಕೊಂಡರು. ಈಜಿಪ್ಟಿನಲ್ಲಿ ಸಿಕ್ಕ ಗ್ರೀಕ್ ಪ್ರಹಸನದಲ್ಲಿ ಕನ್ನಡ ಮಾತಿದೆಯೇ ಎಂಬ ಚರ್ಚೆಗೆ ಕಡಲ ದಂಡೆಯ ಆ ಊರಿನಿಂದಲೇ ಇಳಿದರು. 1949ರಲ್ಲಿ ಮದರಾಸು ಸರ್ಕಾರ ಅವರನ್ನು ರಾಷ್ಟ್ರಕವಿ ಎಂದಿತು. 1956ರಲ್ಲಿ ಗೆರೆ ಎಳೆದವರು ಅವರ ಊರನ್ನು ಕೇರಳಕ್ಕೆ ಸೇರಿಸಿದರು. 1963ರಲ್ಲಿ ಪೈಗಳು ಕಣ್ಮುಚ್ಚಿದರು.

ಊರು ನಮ್ಮ ಕೈತಪ್ಪಿತು. ಆದರೆ ಪುಸ್ತಕ ತಪ್ಪಲಿಲ್ಲ! ಆ ಗ್ರಂಥಭಂಡಾರ ಉಡುಪಿಯ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜನ್ನು ಸೇರಿತು. ಅಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರ ಎದ್ದಿತು. ಅದೇ ಕೇಂದ್ರದಿಂದ 1988 ಮತ್ತು 1997ರ ನಡುವೆ ತುಳು ನಿಘಂಟಿನ 6 ಸಂಪುಟಗಳು ಹೊರಬಂದವು. ಕನ್ನಡದ ಕವಿಯ ಹೆಸರಿನ ನೆರಳಲ್ಲಿ ಸೋದರ ನುಡಿಯ ನಿಘಂಟು! ಭಾಷಾಭಿಮಾನ ಎಂದರೆ ಇದು.

ಇನ್ನು ನಿಮ್ಮ ಕೆಲಸ. ನಿಮ್ಮ ಬೀದಿಯಲ್ಲೂ ಒಬ್ಬ ನಿವೃತ್ತ ಕನ್ನಡ ಮೇಷ್ಟ್ರು ಇದ್ದಾರೆ. ಅವರು ಬದುಕಿರುವಾಗಲೇ ಹೋಗಿ. ಪಕ್ಕದಲ್ಲಿ ಕುಳಿತು ಪಟ್ಟಿ ಮಾಡಿ. ಅಂಚಿನ ಟಿಪ್ಪಣಿ ಇರುವ ಪುಟಗಳನ್ನು ಮೊಬೈಲಿನಲ್ಲಿ ತೆಗೆದಿಡಿ. ಯಾರಿಗೆ ಕೊಡಬೇಕೆಂದು ಅವರ ಕೈಯಲ್ಲೇ ಬರೆಸಿ. ಪಡೆಯುವ ಸಂಸ್ಥೆಯನ್ನು ಮುಖಕ್ಕೇ ಕೇಳಿ: ಪುಸ್ತಕಗಳನ್ನು ಒಟ್ಟಾಗಿ ಇಡುತ್ತೀರಾ? ಗೆದ್ದಲಿಂದ ಕಾಯುತ್ತೀರಾ? ಓದುಗನಿಗೆ ಬಾಗಿಲು ತೆರೆಯುತ್ತೀರಾ? ಬೀರುವಿಗೆ ಬೀಗ ಜಡಿದು ಮೇಲೆ ಹೆಸರಿನ ಫಲಕ ಹಾಕಿದರೆ ಅದು ದಾನವಲ್ಲ, ಎರಡನೇ ಸಾವು.

ಫಲಕಕ್ಕೆ ಕನ್ನಡ ಬರೆಸಲು ಹೋರಾಡುವ ಕೈಗಳೇ, ಪುಸ್ತಕದ ಧೂಳನ್ನೂ ಒರೆಸಿ. ತಕ್ಕಡಿ ಹಿಡಿದವನು ಆ ಬಾಗಿಲಿಗೆ ಬರುವ ಮುನ್ನ ನೀವು ಅಲ್ಲಿರಿ.

ಸಿರಿಗನ್ನಡಂ ಗೆಲ್ಗೆ!