ಕುದುರೆ ಮಸಾಲೆ ಚಳಿಗೆ ಸಿದ್ಧವಾಗುವ ಬಗೆ

ಮನೆಯಲ್ಲಿ ಹಸು, ಎಮ್ಮೆ ಇದ್ದರೆ ಕುದುರೆ ಮಸಾಲೆ ಸೊಪ್ಪನ್ನು ನೀವು ನೋಡಿಯೇ ಇರುತ್ತೀರಿ. ಒಂದೊಂದು ತೊಟ್ಟಿಗೆ ಮೂರು ಪುಟ್ಟ ಎಲೆ, ನೇರಳೆ ಹೂವು. ನಮ್ಮಲ್ಲಿ ಕೊಯ್ದಷ್ಟೂ ಚಿಗುರುತ್ತದೆ. ಇದೇ ಗಿಡ ಅಮೆರಿಕದ ಮಿನ್ನೆಸೋಟದಲ್ಲೂ ಬೆಳೆಯುತ್ತದೆ. ಅಲ್ಲಿ ಕೆಲವು ರಾತ್ರಿ ಚಳಿ ಸೊನ್ನೆಗಿಂತ 30 ಡಿಗ್ರಿ ಸೆಲ್ಸಿಯಸ್ ಕೆಳಕ್ಕೆ ಇಳಿಯುತ್ತದೆ. ಹಿಮದಡಿಯಲ್ಲಿ ಮಲಗಿದ ಗಿಡ ವಸಂತ ಬಂದಾಗ ಎದ್ದು ಚಿಗುರುತ್ತದೆ!

ಆದರೆ ಅದೇ ಗಿಡವನ್ನು ಜುಲೈ ತಿಂಗಳಲ್ಲಿ ಕಿತ್ತು ಅಂಥ ಚಳಿಗೆ ಒಡ್ಡಿದರೆ ಸತ್ತೇ ಹೋಗುತ್ತದೆ. ಅಂದರೆ ಚಳಿ ತಾಳುವ ಶಕ್ತಿ ಅದಕ್ಕೆ ವರ್ಷವಿಡೀ ಇರುವುದಿಲ್ಲ. ಶರತ್ಕಾಲದಲ್ಲಿ, ವಾರಗಟ್ಟಲೆ ತಯಾರಿ ನಡೆಸಿ ಗಳಿಸಿಕೊಳ್ಳಬೇಕು.

ತಯಾರಿ ಶುರುಮಾಡಲು ಅದಕ್ಕೆ ಎರಡು ಸೂಚನೆ ಸಿಗುತ್ತವೆ. ಮೊದಲನೆಯದು ಹಗಲಿನ ಉದ್ದ. ಬೆಂಗಳೂರಿನಲ್ಲಿ ಜೂನ್ ಹಗಲಿಗೂ ಡಿಸೆಂಬರ್ ಹಗಲಿಗೂ ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ. ಮಿನ್ನೆಸೋಟದಲ್ಲಿ ಹದಿನೈದೂವರೆ ಗಂಟೆಯ ಹಗಲು ಒಂಬತ್ತು ಗಂಟೆಗೂ ಕಡಿಮೆಯಾಗುತ್ತದೆ. ಎಲೆಯಲ್ಲಿರುವ ಫೈಟೊಕ್ರೋಮ್ ಎಂಬ ವರ್ಣದ್ರವ್ಯ ಇದನ್ನು ಗುರುತಿಸುತ್ತದೆ. ಎರಡನೆಯದು ತಂಪು. ಒಂದು ವರ್ಷ ಅದು ಬೇಗ ಬರಬಹುದು, ಇನ್ನೊಂದು ವರ್ಷ ತಡವಾಗಬಹುದು. ಹಗಲು ಮಾತ್ರ ಪ್ರತಿ ವರ್ಷ ಅದೇ ದಿನಕ್ಕೆ ಅಷ್ಟೇ ಉದ್ದ! ನನ್ನ ಮಟ್ಟಿಗೆ ಇಬ್ಬರಲ್ಲಿ ಹೆಚ್ಚು ನಂಬಿಗಸ್ತ ಹಗಲೇ. ಆದರೂ ಹಗಲು ಕುಗ್ಗಿದರೆ ಸಾಲದು, ತಂಪೂ ಸೇರಿದಾಗಲೇ ಗಿಡ ಚೆನ್ನಾಗಿ ಗಟ್ಟಿಯಾಗುವುದು.

ಆಗ ಒಳಗೆ ಏನಾಗುತ್ತದೆ ಗೊತ್ತೆ? ಗಿಡ ಎತ್ತರಕ್ಕೆ ಬೆಳೆಯುವುದನ್ನು ಬಿಟ್ಟು ನೆಲಕ್ಕೆ ಅಂಟಿಕೊಳ್ಳುತ್ತದೆ. ಬೇರಿನಲ್ಲಿ ಕೂಡಿಟ್ಟ ಪಿಷ್ಟದ ಒಂದು ಪಾಲು ಸಕ್ಕರೆಯಾಗುತ್ತದೆ. ಮಂಜುಗಡ್ಡೆ ಮೊದಲು ಕಟ್ಟುವುದು ಜೀವಕೋಶಗಳ ನಡುವಿನ ಜಾಗದಲ್ಲಿ. ಅದು ಕೋಶದೊಳಗಿನ ನೀರನ್ನು ಹೊರಕ್ಕೆ ಎಳೆಯುತ್ತದೆ. ಪೂರ್ತಿ ಒಣಗಿಹೋಗದಂತೆ ಒಳಗಿನ ನೀರನ್ನು ಹಿಡಿದಿಡುವುದು ಆ ಸಕ್ಕರೆ. ಕೋಶದ ಪೊರೆಯೂ ಬದಲಾಗುತ್ತದೆ. ಚಳಿಯಲ್ಲಿ ತುಪ್ಪ ಹೆಪ್ಪುಗಟ್ಟಿದರೂ ಕಡಲೆಕಾಯಿ ಎಣ್ಣೆ ಹರಿಯುತ್ತಲೇ ಇರುತ್ತದಲ್ಲ? ಪೊರೆಯಲ್ಲಿ ತುಪ್ಪದಂಥ ಕೊಬ್ಬು ಕಡಿಮೆಯಾಗಿ ಎಣ್ಣೆಯಂಥದು ಹೆಚ್ಚುತ್ತದೆ. ಹಾಗಾಗಿ ಚಳಿಗೆ ಅದು ಸೆಟೆದು ಬಿರಿಯುವುದಿಲ್ಲ.

ಎಲ್ಲ ತಳಿಗೂ ಇಷ್ಟು ತಾಕತ್ತಿಲ್ಲ. 1857ರಲ್ಲಿ ವೆಂಡೆಲಿನ್ ಗ್ರಿಮ್ ಎಂಬ ರೈತ ಜರ್ಮನಿಯಿಂದ ಮಿನ್ನೆಸೋಟಕ್ಕೆ ಈ ಬೀಜ ತಂದ. ಚಳಿಗೆ ಬಹಳಷ್ಟು ಗಿಡ ಸತ್ತವು. ಅವನು ಕೈಬಿಡಲಿಲ್ಲ. ಬದುಕುಳಿದವುಗಳ ಬೀಜವನ್ನೇ ವರ್ಷ ವರ್ಷ ಬಿತ್ತಿದ. ಹಾಗೆ ಹುಟ್ಟಿದ ಗಟ್ಟಿ ತಳಿಗೆ ಅವನದೇ ಹೆಸರು ಬಂತು.

ಇಂದಿಗೂ ಅಲ್ಲಿ ಗಿಡ ಉಳಿಸಿಕೊಳ್ಳಬೇಕೆನ್ನುವ ರೈತರು ಸೆಪ್ಟೆಂಬರ್ ಹೊತ್ತಿಗೆ ಕೊಯ್ಲು ನಿಲ್ಲಿಸುತ್ತಾರೆ. ಆಗ ಕೊಯ್ದರೆ ಗಿಡ ಮತ್ತೆ ಚಿಗುರಲು ಬೇರಿನ ಕೂಡಿಕೆಯನ್ನೇ ಖರ್ಚು ಮಾಡುತ್ತದೆ, ಚಳಿಗೆ ಬೇಕಾದ ಸಕ್ಕರೆ ಸಾಲದೆ ಹೋಗುತ್ತದೆ.